ಫೋನ್ ಕ್ಯಾಮೆರಾ ಬಂತು, ಯೂಟ್ಯೂಬ್ ಬರಲಿಲ್ಲ: ಫೈರ್‌ವಾಲ್ ಆಫ್ ಮಾಡಿದರೆ ಲೈವ್ ಸರಿಹೋಗುತ್ತದೆಯೇ?

ಪ್ರಶ್ನೆ: ಬ್ರಹ್ಮಾವರ ಕಡೆಯ ನಾವು ನಾಲ್ಕೈದು ಮಂದಿ ಸೇರಿ ಊರಿನ ಯಕ್ಷಗಾನ, ತಾಳಮದ್ದಳೆಗಳನ್ನು ಯೂಟ್ಯೂಬ್‌ನಲ್ಲಿ ಲೈವ್ ಕೊಡುತ್ತೇವೆ. ಒಂದು ಕ್ಯಾಮೆರಾ ಕ್ಯಾಪ್ಚರ್ ಕಾರ್ಡ್ ಮೂಲಕ, ಇನ್ನೆರಡು ಫೋನುಗಳು ವೈಫೈ ಮೂಲಕ ಲ್ಯಾಪ್‌ಟಾಪಿಗೆ ಬರುತ್ತವೆ. ಒಬಿಎಸ್ ಎಂಬ ಲೈವ್ ತಂತ್ರಾಂಶದಲ್ಲಿ ದೃಶ್ಯ ಬದಲಿಸುತ್ತೇವೆ. ಮನೆಯಲ್ಲಿ ಎಲ್ಲ ಸರಿಯಾಗಿತ್ತು. ಕಳೆದ ತಿಂಗಳು ಉಡುಪಿಯ ಒಂದು ಕಾಲೇಜು ಸಭಾಂಗಣದಲ್ಲಿ ಫೋನಿನ ಚಿತ್ರವೂ ಬರಲಿಲ್ಲ, ಯೂಟ್ಯೂಬಿಗೂ ಹೋಗಲಿಲ್ಲ. 'ಫೇಲ್ಡ್ ಟು ಕನೆಕ್ಟ್ ಟು ಸರ್ವರ್' ಎಂದೇ ಬರುತ್ತಿತ್ತು. ಅಕ್ಕನ ಮಗ ವಿಂಡೋಸ್ ಫೈರ್‌ವಾಲನ್ನು ಪೂರ್ತಿ ಆಫ್ ಮಾಡಿದ. ಫೋನುಗಳು ಬಂದವು, ಯೂಟ್ಯೂಬ್ ಮಾತ್ರ ಬರಲಿಲ್ಲ. ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಮುಗಿಸಿದೆವು. ಮನೆಯ ರೂಟರ್‌ನಲ್ಲಿ 1935 ಪೋರ್ಟ್ ಫಾರ್ವರ್ಡ್ ಕೂಡ ಮಾಡಿಟ್ಟಿದ್ದೇವೆ. ಇನ್ನು ಫೈರ್‌ವಾಲ್ ಆಫ್ ಆಗಿಯೇ ಇರಲಿ ಎನ್ನುತ್ತಾನೆ ಹುಡುಗ. ಇರಬಹುದೇ?

ಉತ್ತರ: ಬೇಡ ಮಾರಾಯ್ರೆ. ಇದನ್ನು ಓದಿ ಮುಗಿಸುವ ಮೊದಲೇ ಅದನ್ನು ಆನ್ ಮಾಡಿ ಬನ್ನಿ, ಉಳಿದದ್ದು ಆಮೇಲೆ ಮಾತಾಡುವ.

ನಿಮ್ಮ ತೊಂದರೆ ಎಲ್ಲಿದೆ ಎಂಬುದು ನಿಮ್ಮ ಪತ್ರದಲ್ಲೇ ಇದೆ. ಫೈರ್‌ವಾಲ್ ಆಫ್ ಮಾಡಿದಾಗ ಫೋನುಗಳು ಬಂದವು, ಯೂಟ್ಯೂಬ್ ಬರಲಿಲ್ಲ. ಹಾಟ್‌ಸ್ಪಾಟ್ ಹಾಕಿದಾಗ ಯೂಟ್ಯೂಬ್ ಬಂತು. ಹಾಗಾದರೆ ಅಲ್ಲಿದ್ದದ್ದು ಒಂದು ಗೋಡೆಯಲ್ಲ, ಎರಡು. ಒಂದು ನಿಮ್ಮ ಲ್ಯಾಪ್‌ಟಾಪಿನ ಒಳಗೆ, ಇನ್ನೊಂದು ಕಾಲೇಜಿನ ಸರ್ವರ್ ಕೋಣೆಯಲ್ಲಿ. ಹುಡುಗ ಮೊದಲನೆಯದನ್ನು ಕೆಡವಿ ಹಾಕಿದ. ಎರಡನೆಯದು ಅವನ ಕೈಗೆ ಸಿಗುವಂಥದ್ದೇ ಆಗಿರಲಿಲ್ಲ.

ಫೈರ್‌ವಾಲ್ ವಿಷಯದಲ್ಲಿ ನಾನು ಯಾವಾಗಲೂ ಮೊದಲು ಕೇಳುವುದು ಒಂದೇ: ಯಾರು ಯಾರ ಬಾಗಿಲು ತಟ್ಟುತ್ತಿದ್ದಾರೆ? ನಮ್ಮ ಕಡೆ ತೋಟಕ್ಕೆ ತಡಮೆ ಇಡುತ್ತಾರಲ್ಲ, ಮನೆಯವರು ದಾಟಿಹೋಗಬಹುದು, ದಾರಿಯ ದನ ಒಳಗೆ ಬರಬಾರದು. ವಿಂಡೋಸ್ ಫೈರ್‌ವಾಲಿನ ಮೂಲ ವ್ಯವಸ್ಥೆಯೂ ಅಷ್ಟೇ. ಒಳಗಿನಿಂದ ಹೊರಗೆ ಹೋಗುವ ಸಂಪರ್ಕಕ್ಕೆ, ಯಾರೂ ಬೇರೆ ನಿಯಮ ಹಾಕದಿದ್ದರೆ, ತಡೆಯಿಲ್ಲ. ಹೊರಗಿನಿಂದ ತಾನಾಗಿ ಬರುವ ಸಂಪರ್ಕಕ್ಕೆ, ಅನುಮತಿಯ ನಿಯಮ ಇಲ್ಲದಿದ್ದರೆ, ಪ್ರವೇಶವಿಲ್ಲ. ನೀವು ಹೊರಗೆ ಹೋಗಿ ಕೇಳಿದ್ದಕ್ಕೆ ಬರುವ ಉತ್ತರವನ್ನು ಅದು ನೆನಪಿಟ್ಟು ಒಳಗೆ ಬಿಡುತ್ತದೆ.

ಒಬಿಎಸ್‌ನಿಂದ ಯೂಟ್ಯೂಬಿಗೆ ಹೋಗುವ ಲೈವ್ ಪೂರ್ತಿ ಹೊರಗೆ ಹೋಗುವ ಸಂಪರ್ಕ. ಆದ್ದರಿಂದ ಯೂಟ್ಯೂಬಿಗೆ ಹೋಗುತ್ತಿಲ್ಲ ಎಂದಾಗ ವಿಂಡೋಸ್ ಫೈರ್‌ವಾಲಿನ ಮೇಲೆ ಕಣ್ಣು ಹಾಕುವುದು ಹತ್ತರಲ್ಲಿ ಒಂಬತ್ತು ಸಲ ದಂಡ. ಫೋನಿನಿಂದ ಲ್ಯಾಪ್‌ಟಾಪಿಗೆ ಬರುವ ಚಿತ್ರ ಹಾಗಲ್ಲ. ಅಲ್ಲಿ ಫೋನು ಬಂದು ಬಾಗಿಲು ತಟ್ಟುತ್ತದೆ.

ಮೊದಲು ಕಾಲೇಜಿನ ಗೋಡೆ ನೋಡುವ. ಲೈವ್ ಕಳಿಸುವ ಹಳೆಯ ವಿಧಾನದ ಹೆಸರು ಆರ್‌ಟಿಎಂಪಿ. ಬ್ರೌಸರಿನಲ್ಲಿ ವೀಡಿಯೊ ಓಡಿಸುತ್ತಿದ್ದ ಫ್ಲ್ಯಾಶ್ ಕಾಲದಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ಮಾಡಿದ್ದು, ಆಮೇಲೆ ಅಡೋಬಿಗೆ ಬಂತು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು, ಆದರೆ ಈ ಆರ್‌ಟಿಎಂಪಿ ಇನ್ನೂ ಬದುಕಿದೆ. ಅದು ಹೋಗುವ ದಾರಿ ಟಿಸಿಪಿ 1935ನೇ ಪೋರ್ಟ್. ಪೋರ್ಟ್ ಎಂದರೆ ಸಂಖ್ಯೆ ಹಾಕಿದ ಬಾಗಿಲು; ಟಿಸಿಪಿ, ಯುಡಿಪಿ ಎಂಬುವು ಮಾಹಿತಿ ಸಾಗುವ ಎರಡು ವಿಧಾನ. ಕಾಲೇಜು, ಆಸ್ಪತ್ರೆ, ಬ್ಯಾಂಕುಗಳಂಥ ಕಡೆ ಜಾಲ ನೋಡಿಕೊಳ್ಳುವವರು ಸಾಮಾನ್ಯವಾಗಿ ವೆಬ್‌ಗೆ ಬೇಕಾದ 80 ಮತ್ತು 443 ಪೋರ್ಟುಗಳನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚಿರುತ್ತಾರೆ. ಅವರ ತಪ್ಪಲ್ಲ, ಅದು ಅವರ ಕೆಲಸ. ಹಾಗಾಗಿ ಅಲ್ಲಿ ಬ್ರೌಸರಿನಲ್ಲಿ ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ನಿಮ್ಮ ಲೈವ್ ಹೋಗುವುದಿಲ್ಲ. ನೋಡುವವರು 443ರಲ್ಲಿ, ಕಳಿಸುವವರು 1935ರಲ್ಲಿ. 'ನೆಟ್ ಇದೆಯಲ್ಲ, ಮತ್ತೆ ಯಾಕೆ ಹೋಗುವುದಿಲ್ಲ' ಎಂದು ಸಂಘಟಕರು ಕೇಳುವ ಪ್ರಶ್ನೆಗೆ ಉತ್ತರ ಇದೇ.

ಇದಕ್ಕೆ ಪರಿಹಾರ ಬಹಳ ಸಲ ನಿಮ್ಮ ಒಬಿಎಸ್‌ನಲ್ಲೇ ಇರುತ್ತದೆ. ಸೆಟ್ಟಿಂಗ್ಸ್, ಅದರಲ್ಲಿ ಸ್ಟ್ರೀಮ್. ಸರ್ವಿಸ್ ಎಂಬಲ್ಲಿ 'ಯೂಟ್ಯೂಬ್ - ಆರ್‌ಟಿಎಂಪಿಎಸ್' (ಆರ್‌ಟಿಎಂಪಿಯ ಗೂಢಲಿಪಿ ರೂಪ) ಇದೆಯೇ, ಸರ್ವರ್ ಎಂಬಲ್ಲಿ 'ಲೆಗಸಿ ಆರ್‌ಟಿಎಂಪಿ' ಎಂದು ಬರೆದದ್ದನ್ನು ಆರಿಸಿದ್ದೀರೋ ನೋಡಿ. ಹಳೆಯ ಲ್ಯಾಪ್‌ಟಾಪಿನಿಂದ ಪ್ರೊಫೈಲ್ ಎತ್ತಿ ತಂದವರಲ್ಲಿ, 'ಕಸ್ಟಮ್' ಎಂದು ಹಾಕಿ ಯಾರೋ ಕಳಿಸಿದ ವಿಳಾಸವನ್ನು ವರ್ಷಗಟ್ಟಲೆ ಇಟ್ಟುಕೊಂಡವರಲ್ಲಿ ಈ 1935 ಉಳಿದುಬಿಟ್ಟಿರುತ್ತದೆ. ಲೆಗಸಿ ಅಲ್ಲದ ಪ್ರೈಮರಿ ಸರ್ವರ್ ಆರಿಸಿದರೆ ಅದೇ ಲೈವ್ ಗೂಢಲಿಪಿಯಲ್ಲಿ 443ರ ಮೂಲಕ ಹೋಗುತ್ತದೆ. ಫೇಸ್‌ಬುಕ್ ಲೈವ್ ಅಂತೂ 2019ರಿಂದ ಆರ್‌ಟಿಎಂಪಿಎಸ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ.

443ರಲ್ಲೂ ಹೋಗದಿದ್ದರೆ? ಆಗ ಪರೀಕ್ಷೆ ಮಾಡಿ, ಊಹೆ ಮಾಡಬೇಡಿ. ಸ್ಟಾರ್ಟ್ ಮೆನುವಿನಲ್ಲಿ ಪವರ್‌ಶೆಲ್ ತೆರೆಯಿರಿ. ಆಜ್ಞೆಯನ್ನು ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ: ಟೆಸ್ಟ್, ಅಡ್ಡಗೆರೆ, ನೆಟ್‌ಕನೆಕ್ಷನ್ ಒಂದೇ ಪದ; ಒಂದು ಜಾಗ ಬಿಟ್ಟು ಒಬಿಎಸ್‌ನಲ್ಲಿರುವ ಸರ್ವರಿನ ಹೆಸರು; ಮತ್ತೆ ಜಾಗ ಬಿಟ್ಟು ಅಡ್ಡಗೆರೆ, ಪೋರ್ಟ್, ಜಾಗ, 443. ಕೊನೆಯ ಸಾಲಿನಲ್ಲಿ 'ಟಿಸಿಪಿ ಟೆಸ್ಟ್ ಸಕ್ಸೀಡೆಡ್' ಎದುರು 'ಟ್ರೂ' ಬಂದರೆ ದಾರಿ ತೆರೆದಿದೆ. 'ಫಾಲ್ಸ್' ಬಂದರೆ ಅದೇ ಆಜ್ಞೆಯನ್ನು ಹಾಟ್‌ಸ್ಪಾಟ್‌ನಲ್ಲಿ ಇನ್ನೊಮ್ಮೆ ಕೊಡಿ. ಅಲ್ಲಿ ಟ್ರೂ, ಸಭಾಂಗಣದಲ್ಲಿ ಫಾಲ್ಸ್ ಎಂದಾದರೆ ನಿಮ್ಮ ಲ್ಯಾಪ್‌ಟಾಪ್ ನಿರ್ದೋಷಿ. ಅದರ ಸೆಟ್ಟಿಂಗ್ ಮುಟ್ಟಬೇಡಿ, ಕಾಲೇಜಿನ ಜಾಲದವರನ್ನು ಕಾಣಿ.

ಇನ್ನೊಂದು ಸ್ವಲ್ಪ ಕುಟಿಲವಾದ ಸ್ಥಿತಿ ಉಂಟು. ಪರೀಕ್ಷೆಯಲ್ಲಿ ಟ್ರೂ ಬರುತ್ತದೆ, ಲೈವ್ ಮಾತ್ರ ಹತ್ತುವುದಿಲ್ಲ. ದೊಡ್ಡ ಸಂಸ್ಥೆಗಳ ಫೈರ್‌ವಾಲ್ ಗೂಢಲಿಪಿಯನ್ನು ನಡುವೆ ಬಿಚ್ಚಿ ಒಳಗೇನಿದೆ ಎಂದು ನೋಡುವುದುಂಟು. 443ರಲ್ಲಿ ವೆಬ್ ಪುಟ ಇರಬೇಕಾದಲ್ಲಿ ವೀಡಿಯೊ ಹರಿವು ಕಂಡರೆ ಅದು ಕತ್ತರಿಸಬಹುದು. ಅಥವಾ ಅದು ತೋರಿಸುವ ಬದಲಿ ಪ್ರಮಾಣಪತ್ರವನ್ನು (ಸರ್ವರಿನ ಗುರುತುಚೀಟಿ) ನಿಮ್ಮ ಒಬಿಎಸ್ ಒಪ್ಪದೆ ಹಿಂದೆ ಸರಿಯಬಹುದು. ಹೀಗಾಗಿ ಕಾಲೇಜಿಗೆ ಬರೆಯುವಾಗ 'ನಮಗೆ ಲೈವ್‌ಗೆ ಅನುಮತಿ ಕೊಡಿ' ಎಂದರೆ ಸಾಲದು. ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ, ಯಾವ ಲ್ಯಾಪ್‌ಟಾಪ್, ಯಾವ ಸರ್ವರಿನ ಹೆಸರಿಗೆ, ಟಿಸಿಪಿ 443 ಹೊರಗೆ ಹೋಗುವ ಸಂಪರ್ಕ, ಆ ಹೆಸರಿಗೆ ಮಾತ್ರ ಗೂಢಲಿಪಿ ತಪಾಸಣೆಯಿಂದ ವಿನಾಯಿತಿ ಎಂದು ಬರೆಯಿರಿ. ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸವನ್ನೂ, ಅಂದರೆ ಜಾಲದಲ್ಲಿ ಅದರ ಗುರುತುಸಂಖ್ಯೆಯನ್ನೂ, ಸೇರಿಸಿ. ಇಷ್ಟು ಸ್ಪಷ್ಟವಾಗಿ ಬರೆದ ಪತ್ರಕ್ಕೆ ಜಾಲದವರು ಇಲ್ಲ ಎಂದದ್ದು ನಾನು ಕಂಡದ್ದು ಕಡಿಮೆ. ಅವರಿಗೆ ಹೆದರಿಕೆ ಇರುವುದು ಎಲ್ಲವನ್ನೂ ತೆರೆಯಿರಿ ಎನ್ನುವವರ ಬಗ್ಗೆ.

ಪರೀಕ್ಷೆಯ ಹೊತ್ತಿನ ಬಗ್ಗೆಯೂ ಒಂದು ಮಾತು. ಮಂಗಳೂರಿನ ಒಂದು ಸಂಸ್ಥೆಯ ಸಭಾಂಗಣದಲ್ಲಿ ನಾನು ಹಿಂದಿನ ದಿನ ಸಂಜೆ ಆರೂವರೆಗೆ ಹೋಗಿ ಎಲ್ಲ ನೋಡಿ, ಅರ್ಧ ಗಂಟೆ ಖಾಸಗಿ ಲೈವ್ ಓಡಿಸಿ, ನಿಶ್ಚಿಂತೆಯಿಂದ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಎಂತದೂ ಹೋಗಲಿಲ್ಲ. ಒಂದು ಗಂಟೆ ಲ್ಯಾಪ್‌ಟಾಪಿನ ಹೊಟ್ಟೆ ಬಗೆದೆ. ಕೊನೆಗೆ ಗೊತ್ತಾದದ್ದು, ಅಲ್ಲಿನ ಫೈರ್‌ವಾಲಿಗೆ ಗಡಿಯಾರ ಕಟ್ಟಿದ್ದರು: ತರಗತಿ ನಡೆಯುವ ಹೊತ್ತಿನಲ್ಲಿ ವೀಡಿಯೊ ಮತ್ತು ಸ್ಟ್ರೀಮಿಂಗ್ ಬಂದ್, ಸಂಜೆ ಮೇಲೆ ಮುಕ್ತ. ಅಂದಿನಿಂದ ಪರೀಕ್ಷೆಯನ್ನು ಕಾರ್ಯಕ್ರಮದ ಹೊತ್ತಿನಲ್ಲೇ, ಸಾಧ್ಯವಾದರೆ ಅದೇ ವಾರದಲ್ಲಿ ಮಾಡುತ್ತೇನೆ. ಲೈವ್ ಶುರುವಾಗಿ ಸರಿಯಾಗಿ ಒಂದು ಗಂಟೆಗೋ ಎರಡು ಗಂಟೆಗೋ ಕಡಿದು ಹೋಗುತ್ತಿದ್ದರೆ ಅದೂ ಹೆಚ್ಚಾಗಿ ಇಂಥದ್ದೇ. ವೈಫೈ ಲಾಗಿನ್ ಪುಟದ ಅವಧಿ ಮುಗಿದಿರುತ್ತದೆ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಕ್ಕೆ ಇದು ದೊಡ್ಡ ಅಪಾಯ, ಕಾಲಮಿತಿಯ ಆಟದಲ್ಲಿ ಹೇಗೋ ದಾಟಿಬಿಡಬಹುದು.

ಈಗ ನಿಮ್ಮ ಲ್ಯಾಪ್‌ಟಾಪಿನೊಳಗಿನ ಗೋಡೆ. ಮನೆಯಲ್ಲಿ ಬರುವ ಫೋನು ಸಭಾಂಗಣದಲ್ಲಿ ಯಾಕೆ ಬರಲಿಲ್ಲ? ವಿಂಡೋಸ್ ಪ್ರತಿ ಜಾಲಕ್ಕೂ ಒಂದು ಜಾತಿ ಕೊಡುತ್ತದೆ: ಪ್ರೈವೇಟ್ ಅಥವಾ ಪಬ್ಲಿಕ್. ಕಚೇರಿಗಳಿಗೆ ಡೊಮೈನ್ ಎಂದು ಮೂರನೆಯದೂ ಇದೆ, ನಮಗೆ ಬೇಡ. ಮನೆಯ ವೈಫೈಯನ್ನು ನೀವು ಯಾವತ್ತೋ ಪ್ರೈವೇಟ್ ಎಂದಿದ್ದೀರಿ, ಒಬಿಎಸ್‌ಗೆ ಅನುಮತಿ ಕೊಟ್ಟದ್ದೂ ಅಲ್ಲಿಗೆ ಮಾತ್ರ. ಸಭಾಂಗಣದ ವೈಫೈ ಹೊಸದು. ವಿಂಡೋಸ್ ಹೊಸ ಜಾಲವನ್ನು ಪರಕೀಯ ಎಂದು ಬಗೆದು ಪಬ್ಲಿಕ್ ಎನ್ನುತ್ತದೆ. ಪ್ರೈವೇಟಿಗೆ ಬರೆದ ನಿಯಮ ಅಲ್ಲಿ ನಡೆಯುವುದಿಲ್ಲ.

ಇದರ ಜೊತೆಗೆ ಇನ್ನೊಂದು ಇರುತ್ತದೆ, ನೂರು ಮಂದಿಯನ್ನು ಕಾಡಿದ್ದು. ಹೊಸ ಪ್ರೋಗ್ರಾಂ ಮೊದಲ ಸಲ ಹೊರಗಿನವರಿಗೆ ಬಾಗಿಲು ತೆರೆಯಲು ಹೋದಾಗ 'ಇದಕ್ಕೆ ಅನುಮತಿ ಕೊಡಲೇ' ಎಂದು ಒಂದು ಕಿಟಕಿ ಏಳುತ್ತದೆ. ಆಗ ಚೌಕಿಯಲ್ಲಿ ವೇಷ ಕಟ್ಟಿ ಆಗಿದೆ, ಚೆಂಡೆ ಶುರುವಾಗಿದೆ, ನಿಮಗೆ ಗಡಿಬಿಡಿ. ಓದದೆ ಕ್ಯಾನ್ಸಲ್ ಒತ್ತುತ್ತೀರಿ. ನೀವು ತಿಳಿದದ್ದು, ಆ ಪ್ರಶ್ನೆ ಹೋಯಿತು ಎಂದು. ಆದದ್ದು ಬೇರೆ: ಆ ಪ್ರೋಗ್ರಾಮನ್ನು ತಡೆಯುವ ನಿಯಮಗಳನ್ನು ವಿಂಡೋಸ್ ಬರೆದಿಟ್ಟಿತು, ಸಾಮಾನ್ಯವಾಗಿ ಟಿಸಿಪಿಗೆ ಒಂದು, ಯುಡಿಪಿಗೆ ಒಂದು. ಇನ್ನು ಮುಂದೆ ಆ ಕಿಟಕಿ ಏಳುವುದೇ ಇಲ್ಲ. ಆಮೇಲೆ ನೀವು ಎಷ್ಟು ಅನುಮತಿಯ ನಿಯಮ ಸೇರಿಸಿದರೂ ಪ್ರಯೋಜನವಿಲ್ಲ, ಯಾಕೆಂದರೆ ತಡೆ ಮತ್ತು ಅನುಮತಿ ಎರಡೂ ಇದ್ದರೆ ತಡೆಯೇ ಗೆಲ್ಲುತ್ತದೆ. 'ಪೋರ್ಟ್ ತೆರೆದೆ, ಆದರೂ ಆಗುವುದಿಲ್ಲ' ಎಂದು ಬರುವವರ ಲ್ಯಾಪ್‌ಟಾಪಿನಲ್ಲಿ ನಾನು ಮೊದಲು ಹುಡುಕುವುದು ಈ ಹಳೆಯ ತಡೆಯನ್ನೇ.

ನೋಡುವ ಜಾಗ ಹೀಗೆ. ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ವಿತ್ ಅಡ್ವಾನ್ಸ್ಡ್ ಸೆಕ್ಯೂರಿಟಿ' ಹುಡುಕಿ ತೆರೆಯಿರಿ. ಎಡಗಡೆ 'ಇನ್‌ಬೌಂಡ್ ರೂಲ್ಸ್'. ಪಟ್ಟಿ ಉದ್ದ ಇರುತ್ತದೆ, ಹೆಸರಿನ ಮೇಲೆ ಒತ್ತಿ ಅಕ್ಷರ ಕ್ರಮಕ್ಕೆ ತಂದು ಒಬಿಎಸ್ ಮತ್ತು ನಿಮ್ಮ ಫೋನ್ ಕ್ಯಾಮೆರಾದ ಪ್ರೋಗ್ರಾಮಿನ ಹೆಸರು ಹುಡುಕಿ. ಹಸಿರು ಗುರುತು ಇದ್ದರೆ ಅನುಮತಿ, ಕೆಂಪು ಇದ್ದರೆ ತಡೆ. ಕೆಂಪನ್ನು ಅಳಿಸಿ. ಹುಡುಗ ಏನೇನು ಮುಟ್ಟಿದ್ದಾನೆ ಎಂದು ಗೊತ್ತಿಲ್ಲದಿದ್ದರೆ, ನನ್ನ ಅಭಿಪ್ರಾಯದಲ್ಲಿ, ವಿಂಡೋಸ್ ಸೆಕ್ಯೂರಿಟಿಯ ಫೈರ್‌ವಾಲ್ ಪುಟದ ಕೆಳಗಿರುವ 'ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್' ಒತ್ತಿ ಎಲ್ಲವನ್ನೂ ಮೊದಲಿನಂತೆ ಮಾಡುವುದೇ ಲೇಸು. ನೀವು ಸೇರಿಸಿದ ನಿಯಮಗಳೆಲ್ಲ ಹೋಗುತ್ತವೆ. ಪ್ರಿಂಟರಿಗೋ ಟ್ಯಾಲಿಗೋ ಯಾರಾದರೂ ನಿಯಮ ಹಾಕಿಕೊಟ್ಟಿದ್ದರೆ ಮಾತ್ರ ಮೊದಲು ಬರೆದಿಟ್ಟುಕೊಳ್ಳಿ.

ಆಮೇಲೆ ಬೇಕಾದಷ್ಟೇ ತೆರೆಯಿರಿ. ಉದಾಹರಣೆಗೆ ಫೋನಿನ ಆ್ಯಪ್ ಎಸ್‌ಆರ್‌ಟಿ ಎಂಬ ವೀಡಿಯೊ ಕಳಿಸುವ ವಿಧಾನದಲ್ಲಿ ಲ್ಯಾಪ್‌ಟಾಪಿನ 9000 ಮತ್ತು 9001ಕ್ಕೆ ಚಿತ್ರ ಕಳಿಸುತ್ತದೆ ಎಂದುಕೊಳ್ಳಿ. ಎಸ್‌ಆರ್‌ಟಿಗೆ ಇಂಥದ್ದೇ ಪೋರ್ಟ್ ಎಂದಿಲ್ಲ, ನೀವು ಕೊಟ್ಟದ್ದೇ ಸಂಖ್ಯೆ, ಆದರೆ ಅದು ಹೋಗುವುದು ಯುಡಿಪಿಯಲ್ಲಿ. ಇದನ್ನು ಮರೆತು ಟಿಸಿಪಿಗೆ ನಿಯಮ ಹಾಕಿ ತಲೆ ಕೆರೆದುಕೊಂಡವರು ಬಹಳ. ನ್ಯೂ ರೂಲ್, ಪೋರ್ಟ್, ಯುಡಿಪಿ, 9000-9001, ಅಲೋ, ಮತ್ತು ಪ್ರೊಫೈಲ್ ಕೇಳುವಲ್ಲಿ ಪ್ರೈವೇಟ್ ಒಂದಕ್ಕೆ ಮಾತ್ರ ಟಿಕ್. ಹೆಸರಿಗೆ 'ಆಟದ ಫೋನ್' ಎಂದೋ ಏನೋ ಬರೆಯಿರಿ, ವರ್ಷ ಕಳೆದ ಮೇಲೆ ನೋಡಿದರೂ ನೆನಪಾಗಬೇಕು. ನಿಯಮ ಆದ ಮೇಲೆ ಅದರ ಪ್ರಾಪರ್ಟೀಸ್‌ನಲ್ಲಿ ಸ್ಕೋಪ್ ಎಂಬಲ್ಲಿ ರಿಮೋಟ್ ವಿಳಾಸವನ್ನು 'ಲೋಕಲ್ ಸಬ್‌ನೆಟ್' ಮಾಡಿದರೆ ಒಂದೇ ರೂಟರಿನಲ್ಲಿರುವ ಸಾಧನಗಳಿಗೆ ಮಾತ್ರ ಪ್ರವೇಶ. ನೀವು ಎನ್‌ಡಿಐ (ಒಂದೇ ಜಾಲದೊಳಗೆ ವೀಡಿಯೊ ಸಾಗಿಸುವ ಇನ್ನೊಂದು ವಿಧಾನ) ಬಳಸುವವರಾದರೆ ಬೇರೆ ಲೆಕ್ಕ: ಕ್ಯಾಮೆರಾಗಳು ಒಂದನ್ನೊಂದು ಹುಡುಕಿಕೊಳ್ಳಲು ಯುಡಿಪಿ 5353, ಚಿತ್ರಕ್ಕೆ 5960 ಮತ್ತು ಅದರ ಮೇಲಿನವು. ಹೆಸರು ಪಟ್ಟಿಯಲ್ಲಿ ಬಂದು ಚಿತ್ರ ಮಾತ್ರ ಕಪ್ಪಗಿದ್ದರೆ ಮೊದಲನೆಯದು ತೆರೆದಿದೆ, ಎರಡನೆಯದು ಮುಚ್ಚಿದೆ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ಬೇರೆ ಇದೆ. ಬಾಗಿಲು ತಟ್ಟುವವರನ್ನೇ ಅದಲುಬದಲು ಮಾಡಿಬಿಡುವುದು. ಎಸ್‌ಆರ್‌ಟಿಯಲ್ಲಿ ಒಂದು ಬದಿ 'ಲಿಸನರ್', ಅಂದರೆ ಕಾಯುವವನು. ಇನ್ನೊಂದು 'ಕಾಲರ್', ಹೋಗಿ ತಟ್ಟುವವನು. ನೀವು ಲ್ಯಾಪ್‌ಟಾಪನ್ನು ಕಾಯಿಸುತ್ತಿದ್ದೀರಿ. ನಿಮ್ಮ ಆ್ಯಪ್‌ನಲ್ಲಿ ಸೌಕರ್ಯ ಇದ್ದರೆ ಫೋನನ್ನು ಲಿಸನರ್ ಮಾಡಿ, ಒಬಿಎಸ್‌ನ ಮೀಡಿಯಾ ಸೋರ್ಸ್‌ನಲ್ಲಿ ಫೋನಿನ ಐಪಿ ವಿಳಾಸ ಕೊಟ್ಟು ಕಾಲರ್ ಮಾಡಿ. ಈಗ ಲ್ಯಾಪ್‌ಟಾಪ್ ಹೊರಗೆ ಹೋಗಿ ಫೋನನ್ನು ಕರೆಯುತ್ತದೆ. ಹೊರಗೆ ಹೋಗುವುದಕ್ಕೆ ತಡೆ ಇಲ್ಲ ಎಂದೆನಲ್ಲ? ಪಬ್ಲಿಕ್ ಇರಲಿ ಪ್ರೈವೇಟ್ ಇರಲಿ, ಒಂದೇ ಒಂದು ನಿಯಮ ಬರೆಯದೆ ಚಿತ್ರ ಬರುತ್ತದೆ. ಫೋನಿನ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾದಿರಿಸಿಟ್ಟರೆ ಪ್ರತಿ ಸಲ ಬರೆಯುವ ಕೆಲಸವೂ ಇಲ್ಲ.

ಎಷ್ಟು ಮಾಡಿದರೂ ಫೋನು ಲ್ಯಾಪ್‌ಟಾಪಿಗೆ ಕಾಣದೇ ಇರುವ ಸಭಾಂಗಣಗಳಿವೆ. ಅತಿಥಿಗಳ ವೈಫೈಯಲ್ಲಿ ಒಂದು ಸಾಧನ ಇನ್ನೊಂದರ ಜೊತೆ ಮಾತಾಡದ ಹಾಗೆ ಪ್ರತ್ಯೇಕಿಸಿರುತ್ತಾರೆ. ಅದಕ್ಕೆ ನಿಮ್ಮ ಫೈರ್‌ವಾಲಿನಲ್ಲಿ ಮದ್ದಿಲ್ಲ. ಆದ್ದರಿಂದ ನೀವು ಒಂದು ಸಣ್ಣ ರೂಟರ್ ಕೊಂಡು ಕ್ಯಾಮೆರಾ ಚೀಲದಲ್ಲೇ ಇಟ್ಟುಬಿಡಿ. ಸಭಾಂಗಣದ ನೆಟ್ ಕೇಬಲ್ ಅದರ ವ್ಯಾನ್ (ಹೊರಗಿನ ನೆಟ್) ಕಿಂಡಿಗೆ, ನಿಮ್ಮ ಲ್ಯಾಪ್‌ಟಾಪ್ ಕೇಬಲ್ ಮೂಲಕ ಅದರ ಲ್ಯಾನ್ (ಒಳಜಾಲ) ಕಿಂಡಿಗೆ, ಫೋನುಗಳು ಅದರ ವೈಫೈಗೆ. ಒಮ್ಮೆ ಮನೆಯಲ್ಲಿ ಆ ಜಾಲವನ್ನು ಪ್ರೈವೇಟ್ ಎಂದು ಗುರುತಿಸಿದರೆ ಸಾಕು. ಕಾಪುವಿಗೆ ಹೋಗಿ, ಕಾರ್ಕಳಕ್ಕೆ ಹೋಗಿ, ಗದ್ದೆಯಲ್ಲಿ ರಂಗಸ್ಥಳ ಹಾಕಿದಲ್ಲಿಗೆ ಪಕ್ಕದ ಮನೆಯ ಫೈಬರ್ ಎಳೆದುಕೊಂಡು ಹೋಗಿ, ಲ್ಯಾಪ್‌ಟಾಪಿಗೆ ಕಾಣುವುದು ಅದೇ ರೂಟರ್, ಅದೇ ಪ್ರೈವೇಟ್ ಜಾಲ. ಒಂದು ಎಚ್ಚರ: ಊರಿನ ಬಹಳ ರೂಟರುಗಳು 192.168.1 ಎಂಬ ಸರಣಿಯ ವಿಳಾಸ ಕೊಡುತ್ತವೆ. ನಿಮ್ಮದೂ ಅದೇ ಆದರೆ ಎರಡು ಸರಣಿ ಒಂದಕ್ಕೊಂದು ಬಡಿದು ನೆಟ್ಟೇ ಬರುವುದಿಲ್ಲ. ನಿಮ್ಮದನ್ನು 192.168.50.1 ಮಾಡಿಡಿ. ಜನರೇಟರ್ ಬದಲಾಗುವಾಗ ಕರೆಂಟು ಒಂದು ಕ್ಷಣ ಹೋಗುತ್ತದಲ್ಲ, ರೂಟರಿಗೆ ಸಣ್ಣ ಯುಪಿಎಸ್ ಕೂಡ ಬೇಕು. ಇಲ್ಲದಿದ್ದರೆ ಒಡ್ಡೋಲಗದ ಹೊತ್ತಿಗೆ ರೂಟರ್ ಮತ್ತೆ ಮೊದಲಿನಿಂದ ಏಳುತ್ತಾ ಕೂತಿರುತ್ತದೆ.

ಆಫ್ ಇಟ್ಟರೆ ಆಗುವ ತೊಂದರೆ ಏನು ಎಂದು ಹುಡುಗ ಕೇಳಿದರೆ 2003ರ ಆಗಸ್ಟ್ ತಿಂಗಳ ಬ್ಲಾಸ್ಟರ್ ಹುಳದ ಕತೆ ಹೇಳಿ. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆನ್ ಆಗಿ ಬರುತ್ತಿರಲಿಲ್ಲ. ಯಾವ ಕಡತವನ್ನೂ ತೆರೆಯದೆ, ಬರೇ ನೆಟ್‌ಗೆ ಸೇರಿಸಿದ ಮಾತ್ರಕ್ಕೆ ಕಂಪ್ಯೂಟರುಗಳು ಸೋಂಕಿ ತಾನಾಗಿ ಮರುಚಾಲನೆ ಆಗುತ್ತಿದ್ದವು. ಮುಂದಿನ ವರ್ಷ ಬಂದ ಸರ್ವಿಸ್ ಪ್ಯಾಕ್ 2ರಲ್ಲಿ ಫೈರ್‌ವಾಲ್ ಆನ್ ಆಗಿಯೇ ಬಂತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹುಳ ಇದೇ ರೀತಿ 445ನೇ ಪೋರ್ಟಿನಿಂದ ಯಂತ್ರದಿಂದ ಯಂತ್ರಕ್ಕೆ ಹಾರಿತು, ಅದರ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿದ್ದರೂ. ಸಭಾಂಗಣದ ವೈಫೈಯಲ್ಲಿ ನಿಮ್ಮ ಜೊತೆ ಇನ್ನೂರು ಮಂದಿಯ ಸಾಧನಗಳಿರುತ್ತವೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚಾನೆಲ್ಲಿನ ಸ್ಟ್ರೀಮ್ ಕೀ (ಲೈವ್ ಕೊಡಲು ಬೇಕಾದ ಗುಟ್ಟಿನ ಸಂಕೇತ) ಇದೆ, ಬಹುಶಃ ಲಾಗಿನ್ ಕೂಡ ತೆರೆದಿದೆ. ಹುಡುಗ ಫೈರ್‌ವಾಲ್ ಆಫ್ ಮಾಡಲು ಸರ್ವಿಸಸ್ ಪಟ್ಟಿಗೆ ಹೋಗಿ ಸೇವೆಯನ್ನೇ ನಿಲ್ಲಿಸಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಹಾಗೆ ಮಾಡಬೇಡಿ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಸ್ಟಾರ್ಟ್ ಮೆನು ಕೆಡುವುದು, ಸ್ಟೋರ್ ಆ್ಯಪ್‌ಗಳು ಇನ್‌ಸ್ಟಾಲ್ ಆಗದಿರುವುದು ಇಂಥವೆಲ್ಲ ಅದರಿಂದ ಬರಬಹುದು.

ಹಣ ಕೊಟ್ಟು ಕೊಂಡ ಆಂಟಿವೈರಸ್ ಇದ್ದರೆ ಇಲ್ಲಿ ಬರೆದ ಅರ್ಧ ಮಾತು ನಿಮಗೆ ಅನ್ವಯಿಸದು. ಹಲವು ಆಂಟಿವೈರಸ್‌ಗಳು ತಮ್ಮದೇ ಫೈರ್‌ವಾಲ್ ತರುತ್ತವೆ. ಆಗ ವಿಂಡೋಸಿನ ಪುಟದಲ್ಲಿ ಅದರ ಹೆಸರೇ ಕಾಣುತ್ತದೆ, ನಿಯಮ ಬರೆಯಬೇಕಾದದ್ದೂ ಅಲ್ಲಿ. ಕೆಲವು ಹೊರಗೆ ಹೋಗುವುದನ್ನೂ ತಡೆಯುತ್ತವೆ, ಹಾಗಾಗಿ ನಾನು ಮೊದಲು ಹೇಳಿದ ಹತ್ತರಲ್ಲಿ ಒಂದು ಸಲ ಇವೇ.

ಇನ್ನು ಫೈರ್‌ವಾಲಿನ ತಲೆಗೆ ಸುಮ್ಮನೆ ಕಟ್ಟುವ ದೋಷ ಒಂದಿದೆ. ಲೈವ್ ಹತ್ತುತ್ತದೆ, ಆಮೇಲೆ ತಡವರಿಸುತ್ತದೆ. ಫೈರ್‌ವಾಲ್ ಸಾಮಾನ್ಯವಾಗಿ ಹೌದು ಅಥವಾ ಇಲ್ಲ ಎನ್ನುತ್ತದೆ, ತೊದಲುವುದಿಲ್ಲ. ಒಬಿಎಸ್‌ನ ಸ್ಟ್ಯಾಟ್ಸ್ ತೆರೆದು ನೋಡಿ. ನೆಟ್‌ವರ್ಕ್‌ನಿಂದ ಬಿದ್ದುಹೋದ ಫ್ರೇಮುಗಳು ಏರುತ್ತಿದ್ದರೆ ಅಪ್‌ಲೋಡ್ ಸಾಲದು. ಎನ್‌ಕೋಡಿಂಗ್‌ನಲ್ಲಿ ತಪ್ಪಿದವು ಏರುತ್ತಿದ್ದರೆ ಲ್ಯಾಪ್‌ಟಾಪಿಗೆ ಉಸಿರು ಸಾಲದು. ಹಾಟ್‌ಸ್ಪಾಟ್‌ನಲ್ಲಿ ಕೊಡುವಾಗ 720 ರೆಸಲ್ಯೂಶನ್, ಸೆಕೆಂಡಿಗೆ 30 ಫ್ರೇಮ್, 4 ಎಂಬಿಪಿಎಸ್ ಸಾಕು, ಕೀಫ್ರೇಮ್ (ಪೂರ್ಣ ಚಿತ್ರವಿರುವ ಫ್ರೇಮ್) ಅಂತರ 2 ಸೆಕೆಂಡ್ ಇಡಿ. ಅಪ್‌ಲೋಡ್ ವೇಗ ಇದರ ಎರಡರಷ್ಟಾದರೂ ಇರಲಿ.

ಕೊನೆಗೆ ನಿಮ್ಮ ಮನೆಯ ರೂಟರಿನ ಆ 1935 ಪೋರ್ಟ್ ಫಾರ್ವರ್ಡ್. ಅದು ಹೊರಗಿನ ಲೋಕ ನಿಮ್ಮ ಮನೆಗೆ ಬಂದು ತಟ್ಟಲು ಮಾಡಿಕೊಟ್ಟ ಕಿಂಡಿ. ನೀವು ಯೂಟ್ಯೂಬಿಗೆ ಕಳಿಸುತ್ತಿದ್ದೀರಿ, ಯೂಟ್ಯೂಬ್ ನಿಮ್ಮ ಮನೆಗೆ ಬರುವುದಿಲ್ಲ. ಮನೆಯಲ್ಲೇ ಆರ್‌ಟಿಎಂಪಿ ಸರ್ವರ್ ನಡೆಸಿ ಹೊರಗಿನವರಿಂದ ಚಿತ್ರ ತರಿಸುವವರಿಗೆ ಮಾತ್ರ ಅದು ಬೇಕಾಗುವುದು. ಇಂದೇ ತೆಗೆದುಬಿಡಿ.